ಯಾರೂ ತುಳಿಯದ ಹುಲ್ಲು

ನಾನು ಒಂದು ಹುಲ್ಲು ಕತ್ತರಿಸುವ ಗಾಡಿ. ಹೊಗೆ ಬಿಡುವ ಇಂಜಿನ್ನಾಗಲಿ, ಕರೆಂಟಿನ ಬಾಲವಾಗಲಿ ನನಗಿಲ್ಲ. ಎರಡು ಗಾಲಿ, ನಡುವೆ ಸುರುಳಿಯಾಗಿ ತಿರುಚಿಕೊಂಡ ಅಲಗುಗಳು, ಹಿಂದೊಂದು ಮರದ ಹಿಡಿಕೆ. ತಳ್ಳಿದರೆ ಹೋಗುತ್ತೇನೆ, ಬಿಟ್ಟರೆ ನಿಲ್ಲುತ್ತೇನೆ. ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ, ಕೆಂಪಗೆ ಕಾದ ಕಬ್ಬಿಣ ಅಚ್ಚಿನೊಳಗೆ ಇಳಿದು ತಣ್ಣಗಾದಾಗ ನಾನು ಹುಟ್ಟಿದೆ. ಸಾಣೆ ಹಿಡಿದವನು ನನ್ನ ಅಲಗಿಗೆ ಕಾಗದದ ಚೂರೊಂದನ್ನು ಒಡ್ಡಿ ಗಾಲಿ ತಿರುಗಿಸಿದ. ಕಾಗದ ಸದ್ದಿಲ್ಲದೆ ಎರಡಾಯಿತು. ಆ ಹೊತ್ತಿನ ಹೆಮ್ಮೆ ನನ್ನಲ್ಲಿ ಬಹುಕಾಲ ಉಳಿದಿತ್ತು. ಅದನ್ನು ತಿಂದು ಹಾಕಿದ್ದು ಉಪ್ಪು.

ಧಾರವಾಡದ ಓಣಿಯೊಂದರ ಕೊನೆಯ ಮನೆಯ ಈರಪ್ಪನವರು ನನ್ನನ್ನು ಕೊಂಡು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದರು. ಮನೆಯ ಮುಂದೆ ಅವರೇ ಕೈಯಾರೆ ನೆಟ್ಟು ಬೆಳೆಸಿದ ಹುಲ್ಲುಹಾಸು ಇತ್ತು. ಅವರು ತುದಿಯನ್ನಷ್ಟೇ ಸವರುತ್ತಿದ್ದರು. ಮೂರು ಪಾಲಿನಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆದರೆ ಬೇರು ಹೆದರುತ್ತದೆ ಎನ್ನುತ್ತಿದ್ದರು. ನೀರು ಬೆಳಿಗ್ಗೆಯೇ ಆಗಬೇಕು, ಮಣ್ಣಿನ ಒಳಗೆ ಇಳಿಯುವಷ್ಟು ಆಗಬೇಕು, ದಿನವೂ ಚಿಮುಕಿಸುವುದಲ್ಲ. ಕೆಲಸ ಮುಗಿದ ಮೇಲೆ ನನ್ನನ್ನು ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಮಗುವನ್ನು ಮಲಗಿಸಿದ ಹಾಗೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು.

ಪಕ್ಕದ ಮನೆಯ ಸಾವಂತ್ರವ್ವ ಗೋಡೆಯ ಆಚೆ ನಿಂತು ಇದನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತಿದ್ದಳು. ಆಕೆ ಜಂಪರು ಹೊಲಿದು ಬದುಕುವ ಒಂಟಿ ಹೆಂಗಸು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಓಣಿಯ ಹೆಂಗಸರೇ ಆಕೆಯ ಬಂಧು ಬಳಗ. ಯಾರ ಮನೆಯ ಬಸುರಿಯ ಕುಬುಸವಾಗಲಿ, ಕೂಸಿನ ತೊಟ್ಟಿಲಾಗಲಿ, ಹಾಡು ಎತ್ತುವವಳು ಅವಳೇ.

ಈರಪ್ಪನವರು ತೀರಿಕೊಂಡರು. ನನ್ನ ಹಿಡಿಕೆ ಅವರ ಹೆಂಡತಿ ನೀಲಕ್ಕನ ಕೈಗೆ ಬಂತು. ಅಜ್ಜಿಯರು ಹೇಳುವ ಕಥೆಗಳಲ್ಲಿ ರಕ್ಕಸಿಯ ಪ್ರಾಣ ಎಲ್ಲೋ ಗಿಳಿಯೊಂದರಲ್ಲಿ ಇರುತ್ತದಲ್ಲ, ಹಾಗೆ ನೀಲಕ್ಕನ ಪ್ರಾಣ ಆ ಹುಲ್ಲಿನಲ್ಲಿತ್ತು. ಗಂಡ ಬಿಟ್ಟುಹೋದ ಹುಲ್ಲು. ಯಾರೂ ಅದನ್ನು ತುಳಿಯುವಂತಿಲ್ಲ. ಹಾಲಿನವನಾಗಲಿ, ಹೆತ್ತ ಮಗಳಾಗಲಿ, ಬದಿಯ ಕಲ್ಲುಹಾದಿಯಲ್ಲೇ ನಡೆಯಬೇಕು. ಆದರೆ ನೀಲಕ್ಕನಿಗೆ ಪ್ರೀತಿ ಇತ್ತೇ ಹೊರತು ಹದ ಗೊತ್ತಿರಲಿಲ್ಲ. ಸಂಜೆ ಸಂಜೆ ನೀರು ಚಿಮುಕಿಸಿದಳು. ನನ್ನನ್ನು ಒರೆಸಲಿಲ್ಲ, ಸಾಣೆಗೆ ಕಳಿಸಲಿಲ್ಲ. ಮೊಂಡಾದ ಅಲಗು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ತುದಿಗಳೆಲ್ಲ ಕಂದಿದವು.

ಅದು ನೀಲಕ್ಕನ ಕಣ್ಣಿಗೆ ಬೀಳುವ ಹಿಂದಿನ ದಿನವೇ ಸಾವಂತ್ರವ್ವ ಗೋಡೆಯಾಚೆಯಿಂದ, ಹುಲ್ಲು ರೇಷ್ಮೆಯ ಹಾಗೆ ಬಂದಿದೆ ಎಂದು ಬಾಯಿ ತುಂಬ ಹೊಗಳಿದ್ದಳು.

"ನೆದರಾತು," ಅಂದಳು ನೀಲಕ್ಕ. "ಆಕಿ ಕಣ್ಣು ಹುಲ್ಲಿನ ಮ್ಯಾಲೇ ಇತ್ತು."

ನೆದರು, ಅಂದರೆ ಕೆಟ್ಟ ದೃಷ್ಟಿ, ತೆಗೆಯುವುದು ನೀಲಕ್ಕನಿಗೆ ತಾಯಿಯಿಂದ ಬಂದ ವಿದ್ಯೆ. ಅಮಾವಾಸ್ಯೆಯ ಸಂಜೆ ಹಿಡಿ ಹಿಡಿ ಹರಳುಪ್ಪು, ಸಾಸಿವೆ, ಒಣ ಮೆಣಸಿನಕಾಯಿ ತೆಗೆದುಕೊಂಡು ಹುಲ್ಲಿಗೆ ಸುತ್ತು ಬಂದು ನಿವಾಳಿಸಿದಳು. ಎಲ್ಲವನ್ನೂ ಬಕೆಟಿನ ನೀರಿಗೆ ಹಾಕಿ ಉಪ್ಪು ಕರಗುವ ತನಕ ಕಲಕಿದಳು. ಆ ನೀರನ್ನು ಯಾರೂ ತುಳಿಯದ ಜಾಗದಲ್ಲಿ ಚೆಲ್ಲಬೇಕು, ತುಳಿದವರಿಗೆ ಅದು ತಗಲುತ್ತದೆ. ನೀಲಕ್ಕ ಬಕೆಟು ಹಿಡಿದು ಸುತ್ತಲೂ ನೋಡಿದಳು. ಬಾಗಿಲ ಬಳಿ ಜನ ಓಡಾಡುತ್ತಾರೆ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾರೆ, ಗೇಟಿನ ಹೊರಗೆ ರಸ್ತೆ. ಇಡೀ ಅಂಗಳದಲ್ಲಿ ಯಾರೂ ತುಳಿಯದ ಜಾಗವೆಂದರೆ ಒಂದೇ. ಅಲ್ಲೇ ಚೆಲ್ಲಿದಳು.

ವಾರದೊಳಗೆ ಅಲ್ಲಿ ಹಳದಿ ಮಚ್ಚೆ ಬಿತ್ತು. ನೆದರು ಗಟ್ಟಿಯಾಗಿದೆ ಎಂದು ನೀಲಕ್ಕ ಮುಂದಿನ ಸಲ ಉಪ್ಪು ಹೆಚ್ಚಿಸಿದಳು. ಉಪ್ಪಿನ ಹಸಿಯಲ್ಲೇ ನನ್ನನ್ನು ತಳ್ಳಿ, ಹಾಗೆಯೇ ಮೂಲೆಗೆ ನೂಕಿದಳು. ತುಕ್ಕು ನನ್ನ ಅಲಗನ್ನು ಇರುವೆಗಳ ಹಾಗೆ ಮುಕ್ಕಿತು. ಕಾಗದ ಸೀಳಿದ ಅಲಗು! ಆಗ ನನ್ನೊಳಗೆ ನೀಲಕ್ಕನ ಮೇಲೆ ಸೇಡು ಹುಟ್ಟಿತು. ಆದರೆ ಯಾರಾದರೂ ತಳ್ಳದೆ ಒಂದು ಹೆಜ್ಜೆ ಇಡಲಾರದವನ ಸೇಡಿಗೆ ಬೇರೆ ಯಾರದಾದರೂ ಕೈ ಬೇಕು.

ಆ ಕೈ ಗೋಡೆಯಾಚೆಯೇ ಸಿಕ್ಕಿತು. ನೀಲಕ್ಕನ ಮಗಳು ಹಡೆದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಗೆ ಓಣಿಯೇ ಬಂತು. ಸಾವಂತ್ರವ್ವನಿಗೆ ಮಾತ್ರ ಕರೆ ಹೋಗಲಿಲ್ಲ. ಹುಲ್ಲನ್ನೇ ಒಣಗಿಸಿದ ಕಣ್ಣು, ಕೂಸನ್ನು ಬಿಟ್ಟೀತೆ ಎಂದು ಹೆಂಗಸರು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡರು. ಆಕೆ ಮಾಳಿಗೆಯ ಮೇಲೆ ನಿಂತು, ತಾನು ಎತ್ತಬೇಕಾದ ಜೋಗುಳವನ್ನು ಬೇರೆಯವರು ತಪ್ಪು ತಪ್ಪಾಗಿ ಹಾಡುವುದನ್ನು ಕೇಳಿದಳು. ಆಮೇಲೆ ಜಂಪರು ಹೊಲಿಸಲು ಬರುವವರೂ ಕಡಿಮೆಯಾದರು. ಬಂದವರು ಮಕ್ಕಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದರು.

ತೊಟ್ಟಿಲಿನ ದಿನ ಅಷ್ಟೊಂದು ಜನರ ಕಣ್ಣು ಹುಲ್ಲಿನ ಮೇಲೆ ಬಿತ್ತೆಂದು, ಅಮಾವಾಸ್ಯೆಗೆ ಕಾಯದೆ ನೀಲಕ್ಕ ಅಂದೇ ನಿವಾಳಿಸಿದಳು. ನೆಂಟರೆಲ್ಲ ಹೋದ ಮೇಲೆ ನೀಲಕ್ಕ ಬಕೆಟು ಚೆಲ್ಲುವುದನ್ನು ಸಾವಂತ್ರವ್ವ ಮಾಳಿಗೆಯಿಂದಲೇ ಕಂಡಳು. ಎಲ್ಲೆಲ್ಲಿ ಹಳದಿಯೋ ಅಲ್ಲಲ್ಲೇ ಉಪ್ಪಿನ ನೀರು. ಈರಪ್ಪನವರ ಹತ್ತಿರ ಕಲಿತವಳಿಗೆ ಅಷ್ಟು ಸಾಕಾಯಿತು. ಒಂದು ಮಾತು ಹೇಳಿದ್ದರೆ ಹುಲ್ಲೂ ಉಳಿಯುತ್ತಿತ್ತು, ಅವಳ ಹೆಸರೂ ಉಳಿಯುತ್ತಿತ್ತು. ಹೇಳಲಿಲ್ಲ. ಬದಲಿಗೆ ಮರುದಿನದಿಂದ ಗೋಡೆಯ ಬಳಿ ಬಂದು ಅಳಿದುಳಿದ ಹಸಿರನ್ನು ಹೊಗಳತೊಡಗಿದಳು.

"ಈ ಕಡೆ ಭಾಳ ಛಲೋ ಐತಿ ನೋಡ್ರಿ ನೀಲಕ್ಕ. ಮಖಮಲ್ ಹಾಸಿದಂಗ ಐತಿ."

ಹೊಗಳಿದ ಕಡೆಗೆಲ್ಲ ಉಪ್ಪು ಬಿತ್ತು. ನಾನು ಮೂಲೆಯಲ್ಲಿ ನಿಂತು, ತುಕ್ಕಿನ ಸಂಕಟದಲ್ಲೂ ಸುಖಪಟ್ಟೆ.

ಬೇಸಿಗೆ ಬರುವ ಹೊತ್ತಿಗೆ ಹುಲ್ಲು ಸತ್ತು, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು. ನೀಲಕ್ಕ ನನ್ನನ್ನು ದರದರ ಎಳೆದು ತಂದು ಸಾವಂತ್ರವ್ವನ ಗೇಟಿಗೆ ಒರಗಿಸಿದಳು. "ಹುಲ್ಲು ತಿಂದಿ, ಇದನ್ನೂ ತಿನ್ನು," ಅಂದಳು. ಸಾವಂತ್ರವ್ವ ನನ್ನನ್ನು ಒಳಗೆ ತೆಗೆದುಕೊಂಡಳು. ತುಕ್ಕು ಉಜ್ಜಿಸಿ, ಸಾಣೆ ಹಿಡಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನೇ ನನಗೂ ಹಾಕಿದಳು. ಮೊದಲ ಮಳೆಗೆ ಹುಲ್ಲಿನ ಬೇರು ತಂದು ತನ್ನ ಅಂಗಳದಲ್ಲಿ ನೆಟ್ಟಳು. ಈರಪ್ಪನವರ ಒಂದೊಂದು ಮಾತನ್ನೂ ಪಾಲಿಸಿದಳು. ಬೆಳಗಿನ ನೀರು, ಮೂರರಲ್ಲಿ ಒಂದು ಪಾಲು. ದೀಪಾವಳಿಯ ಹೊತ್ತಿಗೆ ಅವಳ ಪುಟ್ಟ ಅಂಗಳ ಕಣ್ಣು ತಂಪಾಗುವಷ್ಟು ಹಸಿರಾಯಿತು.

ಗೋಡೆಯಾಚೆ ನೀಲಕ್ಕ ಎಷ್ಟು ಸಲ ನೆಟ್ಟರೂ ಒಂದು ಎಳೆ ಚಿಗುರಲಿಲ್ಲ. ಕಡೆಗೆ ಬಿಗುಮಾನ ಬಿಟ್ಟು ನಮ್ಮ ಗೇಟಿನ ಹೊರಗೇ ನಿಂತು ಹುಲ್ಲು ಬೆಳೆಸುವ ಬಗೆ ಕೇಳಿದಳು. ಸಾವಂತ್ರವ್ವ ನೀರಿನ ಹದ ಹೇಳಿದಳು, ಗೊಬ್ಬರದ ಹದ ಹೇಳಿದಳು, ಅಲಗಿನ ಎತ್ತರ ಹೇಳಿದಳು. ಉಪ್ಪಿನ ಮಾತೊಂದನ್ನು ಬಿಟ್ಟಳು. ಅವಳ ಬಾಯಿ ಎಷ್ಟು ಸಿಹಿಯಾಗಿತ್ತೆಂದರೆ, ನನಗೇ ಸ್ವಲ್ಪ ಹೆದರಿಕೆಯಾಯಿತು.

ಅಷ್ಟರಲ್ಲಿ ಕೂಸು ಅಂಬೆಗಾಲಿಡತೊಡಗಿತ್ತು. ಬರಡು ಅಂಗಳದ ಹರಳು ಅದರ ಮೊಣಕಾಲು ತರಚುತ್ತಿತ್ತು. ಕೆಟ್ಟ ಕಣ್ಣಿನ ಕೆಳಗೆ ಹುಲ್ಲು ಇಷ್ಟು ಹಸಿರಾಗಿ ಬೆಳೆದೀತೆ ಎಂದು ನೀಲಕ್ಕನಿಗೂ ಅನ್ನಿಸತೊಡಗಿತ್ತು. ಒಂದು ಸಂಜೆ, ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತಿರುವಾಗ, ನೀಲಕ್ಕ ಕೂಸನ್ನು ಎತ್ತಿಕೊಂಡು ಬಂದು ಸಾವಂತ್ರವ್ವನ ಹುಲ್ಲಿನ ನಡುವೆ ಕೂರಿಸಿದಳು. ದೃಷ್ಟಿಬೊಟ್ಟು ಕೂಡ ಇಟ್ಟಿರಲಿಲ್ಲ.

"ನಿನ್ನ ಕಣ್ಣ ಮುಂದ ಕೂಡಸೇನಿ," ಅಂದಳು. "ನನ್ನ ಬಾಯಿ ಸುಡ್ಲಿ. ನಿನಗ ಸಲ್ಲದ ಮಾತು ಅಂದೆ."

ಕಟ್ಟೆಯ ಮೇಲಿನವರೆಲ್ಲ ಇತ್ತ ತಿರುಗಿದರು. ಕೂಸು ಸಾವಂತ್ರವ್ವನ ಸೆರಗು ಹಿಡಿದು ಎದ್ದು ನಿಲ್ಲಲು ನೋಡಿತು. ಆಕೆ ಅದನ್ನು ಎದೆಗೆ ಒತ್ತಿಕೊಂಡಳು. ಗೆದ್ದಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಗೆಲುವು ಗೆಲುವಾಗಿಯೇ ಉಳಿಯುತ್ತಿತ್ತು. ಆದರೆ ಕೂಸಿನ ಬಿಸಿ ಎದೆಗೆ ತಾಗಿತಲ್ಲ.

"ನೀಲಕ್ಕ, ಉಪ್ಪಿನ ನೀರು ಅಲ್ಲಿ ಚೆಲ್ಲಬ್ಯಾಡ್ರಿ," ಅಂದಳು ತಗ್ಗಿದ ದನಿಯಲ್ಲಿ. "ಹುಲ್ಲು ಸತ್ತದ್ದು ಅದರಿಂದ."

ನೀಲಕ್ಕ ತನ್ನ ಬೋಳು ಅಂಗಳದ ಕಡೆ ನೋಡಿದಳು.

"ಯಾವಾಗ ಗೊತ್ತಾತು ನಿನಗ?"

"ಕೂಸಿನ್ನ ತೊಟ್ಟಲದಾಗ ಹಾಕಿದ ದಿನ."

"ಆವಾಗ ಅರ್ಧ ಹುಲ್ಲು ಇನ್ನೂ ಹಸರಿತ್ತು."

ಸಾವಂತ್ರವ್ವ ಕೂತಲ್ಲೇ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ನೀಲಕ್ಕ ಬಗ್ಗಿ ಕೂಸನ್ನು ಅವಳ ತೋಳಿನಿಂದ ಬಿಡಿಸಿಕೊಂಡಳು. ಗೇಟಿನ ತನಕ ಹೋಗಿ ತಿರುಗಿ ನಿಂತಳು.

"ಅಂದ್ರ ನಿನ್ನ ನೆದರು ಬಿದ್ದದ್ದು ಖರೇನ ಆತಲ್ಲವ್ವಾ."

ಆ ಮೇಲೆ ಸಾವಂತ್ರವ್ವ ನನ್ನ ಹಿಡಿಕೆ ಮುಟ್ಟಲಿಲ್ಲ. ಈಗ ನಾನು ಅವಳ ಹಿತ್ತಲ ಮೂಲೆಯಲ್ಲಿದ್ದೇನೆ. ಮುಂದಿನ ಅಂಗಳದ ಹುಲ್ಲು ಮೊಣಕಾಲೆತ್ತರ ಬೆಳೆದು ಬಾಗಿದೆಯಂತೆ. ನನ್ನ ಗಾಲಿಗೂ ಬಳ್ಳಿ ಸುತ್ತಿದೆ. ನನ್ನನ್ನು ತಿಂದ ಉಪ್ಪಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಬಿಟ್ಟುಕೊಡುವ ಮನಸ್ಸಿಲ್ಲ. ಕಬ್ಬಿಣದವನು ನಾನು, ಸೇಡು ಇಟ್ಟುಕೊಂಡು ಎಷ್ಟು ಮಳೆಗಾಲ ಬೇಕಾದರೂ ಕಳೆಯಬಲ್ಲೆ. ಆದರೆ ಸಂಜೆ ಗೋಡೆಯಾಚೆ ಕೂಸಿನ ದನಿ ಕೇಳಿದಾಗ ಮನೆಯೊಳಗೆ ಸಾವಂತ್ರವ್ವನ ಹೊಲಿಗೆ ಯಂತ್ರ ತಟ್ಟನೆ ನಿಲ್ಲುತ್ತದೆ. ಮತ್ತೆ ಶುರುವಾಗಲು ಬಹಳ ಹೊತ್ತು ಬೇಕಾಗುತ್ತದೆ.