ಸುಟ್ಟದ್ದಕ್ಕೆ ಸಾಕ್ಷಿ

ಕಸ ಗುಡಿಸುವವಳಿಗೆ ಅಕ್ಷರ ಬರುತ್ತಿರಲಿಲ್ಲ. ಪೊಲೀಸ್ ಪ್ರಯೋಗಾಲಯದಲ್ಲಿ ಅವಳಿಗೆ ಬೆಲೆ ಇದ್ದದ್ದೇ ಅದಕ್ಕೆ. ಅವಧಿ ಮುಗಿದ ಕೇಸುಗಳ ದಾಖಲೆ ಸುಡುವಾಗ ಒಬ್ಬ ಸಾಕ್ಷಿ ಇರಬೇಕೆಂದು ಕಾನೂನು. ಅದರಲ್ಲೇನಿದೆ ಎಂದು ಹೊರಗಿನವರು ಓದಬಾರದೆಂದೂ ಕಾನೂನು.

"ಏ ಹೆಬ್ಬೆಟ್ಟು, ಎಲ್ಲಿ ಸತ್ತೆ? ಬಾರೇ!" ಹೆಡ್ ಕ್ಲರ್ಕ್ ಹಿತ್ತಲಿನಿಂದ ಕೂಗಿದ.

ಡ್ರಮ್ಮಿನಲ್ಲಿ ಬೆಂಕಿ ಹತ್ತಿತ್ತು. ಅವಳು ಕಟ್ಟು ಬಿಚ್ಚಿ ಒಂದೊಂದೇ ಫೈಲು ಹಾಕತೊಡಗಿದಳು. ನಾಲ್ಕನೆಯದರಿಂದ ಹನ್ನೆರಡು ಫೋಟೋ ಜಾರಿದವು. ಬೋರಲು ಮಲಗಿಸಿದ ಹುಡುಗ, ಬೆನ್ನ ತುಂಬ ದೊಣ್ಣೆಯ ಬಾಸುಂಡೆ, ಪಕ್ಕದಲ್ಲಿ ಅಳತೆಪಟ್ಟಿ, ಕೇಸ್ ನಂಬರಿನ ಚೀಟಿ. ಎಡಗಿವಿಯ ತುದಿ ಇಲ್ಲ. ಚಿಕ್ಕಂದಿನಲ್ಲಿ ನಾಯಿ ಕಚ್ಚಿದ್ದು. ಅವಳ ಮಗ.

ಲಾಕಪ್ಪಿನಲ್ಲಿ ನೇಣು ಹಾಕಿಕೊಂಡ, ಮೈಮೇಲೆ ಒಂದು ಗೀರೂ ಇರಲಿಲ್ಲ ಎಂದು ಠಾಣೆಯವರು ಐದು ವರ್ಷದಿಂದ ಹೇಳುತ್ತಿದ್ದರು. ಫೋಟೋ ಕೇಳಿದರೆ, ತೆಗೆದೇ ಇಲ್ಲ ಎಂದಿದ್ದರು.

"ಏನ್ ನೋಡ್ತೀಯೇ, ನಿನ್ನ ಮದುವೆ ಫೋಟೋನಾ? ಹಾಕು!"

ಅವನು ಬೀಡಿ ಹಚ್ಚಲು ತಿರುಗಿದಾಗ ಒಂದು ಫೋಟೋ ಅವಳ ಕುಪ್ಪಸದೊಳಗೆ ಹೋಯಿತು. ಉಳಿದ ಹನ್ನೊಂದನ್ನು ಅವನ ಕಣ್ಣೆದುರೇ ಹಾಕಬೇಕಾಯಿತು. ಅವನು ರಿಜಿಸ್ಟರಿನಲ್ಲಿ ಹನ್ನೆರಡು ಫೋಟೋ ಸುಟ್ಟಿದೆ ಎಂದು ಬರೆದು, ಅವಳ ಹೆಬ್ಬೆರಳು ಹಿಡಿದೆಳೆದು ಒತ್ತಿಸಿದ.

ಸಂಜೆ ಅವಳು ಫೋಟೋ ತೋರಿಸಿದಾಗ, ಮಗನ ಪರ ಓಡಾಡುತ್ತಿದ್ದ ವಕೀಲ ತಲೆ ಮೇಲೆ ಕೈ ಹೊತ್ತು ಕುಳಿತ.

"ಹನ್ನೆರಡೂ ಸುಟ್ಟಾಯ್ತು ಅಂತ ನೀವೇ ಹೆಬ್ಬೆಟ್ಟು ಒತ್ತಿ ಬಂದಿದೀರಲ್ಲಮ್ಮ. ಇದು ಸುಳ್ಳು ಫೋಟೋ ಅಂತಾರೆ."

"ನಾನು ಕದ್ದಿದ್ದು ಅಂದ್ರೆ?"

"ನೀವಂದ್ರೆ ಆಗಲ್ಲ. ಕದ್ದಳು ಅಂತ ಅವರು ಕೇಸು ಹಾಕಿದ್ರೆ ಫೋಟೋ ನಿಜದ್ದು ಅಂತ ಒಪ್ಪಿದ ಹಾಗೆ. ಆದ್ರೆ ನೀವು ಜೈಲಿಗೆ ಹೋಗ್ತೀರಿ."

ಮರುದಿನ ಬೆಳಿಗ್ಗೆ ಅವಳು ಹೆಡ್ ಕ್ಲರ್ಕನ ಮೇಜಿನ ಮುಂದೆ ನಿಂತು ಫೋಟೋ ಎತ್ತಿ ಹಿಡಿದಳು.

"ಕದ್ದಿದೀನಿ. ಪೊಲೀಸ್ನೋರನ್ನ ಕರಿ."

ಅವನ ಮುಖ ಸುಣ್ಣವಾಯಿತು. "ಕದ್ದೆ ಅಂತ ಯಾರಂದ್ರು? ಎಲ್ಲಾ ಸುಟ್ಟಿದೆ. ತಾ ಇಲ್ಲಿ, ತಾಯಿ."

"ಈಗ ತಾಯಿ ಆದ್ನೇನೋ ಬೇವರ್ಸಿ? ಬರಿ. ಕಳ್ಳಿ ಅಂತ ಬರಿ!"

ಅವನು ಮೇಜು ಸುತ್ತಿ ಬಂದು ಫೋಟೋಗೆ ಕೈ ಹಾಕಿದ. ಅವಳು ಆ ಕೈ ಕಚ್ಚಿದಳು. ಫೋಟೋ ಹರಿಯಿತು. ನಂಬರಿನ ಚೀಟಿ ಇದ್ದ ತುಂಡನ್ನು ಅವನು ಬಾಯಿಗೆ ತುರುಕಿಕೊಂಡು, ಅಗಿದು, ಕಣ್ಣಲ್ಲಿ ನೀರು ಬರುವಂತೆ ನುಂಗಿದ.

"ಕಳ್ಳಿ ಕಣ್ರೋ ನಾನು! ಹಿಡೀರೋ!" ಅವಳು ಉಳಿದ ತುಂಡು ಹಿಡಿದು ಕಾರಿಡಾರಿನುದ್ದಕ್ಕೂ ಕೂಗುತ್ತ ನಡೆದಳು. ಕೋಣೆಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡವು.

ರಿಜಿಸ್ಟರಿನಲ್ಲಿ ಹನ್ನೆರಡು. ಹೋದದ್ದು ಹನ್ನೊಂದೂವರೆ ಫೋಟೋ.