ಆಚೆ ಹೋಗದವರ ಲೆಕ್ಕ

ನಡುವೆ ಗುಳಿಬಿದ್ದ ನೀಲಿ ದಿಂಬು — ಬೆಳಗ್ಗೆ ಮೇಲಿನ ಮಹಡಿ ದಾಟುವಾಗ ಅರೆತೆರೆದ ಬಾಗಿಲಲ್ಲಿ, ಹಳೆಯ ಯಂತ್ರದೆದುರಿನ ಕುರ್ಚಿಯ ಮೇಲೆ ಕಂಡದ್ದು, ಈಗ ಅಳಿಸುವ ಆಜ್ಞೆ ಟೈಪಿಸಿ ಎಂಟರ್ ಮೇಲೆ ಬೆರಳಿಟ್ಟಾಗ ಯಾಕೆ ಅಡ್ಡ ಬರಬೇಕು, ಯಾರದೋ ದಿಂಬು, ಇರಲಿ, ಸರ್ವರಿನ ಡಿಸ್ಕ್ ಕುತ್ತಿಗೆಯವರೆಗೆ ತುಂಬಿದೆ, ಹೊಸ ಕಂಪೈಲರಿಗೆ ಜಾಗವಿಲ್ಲ, ಮಧ್ಯಾಹ್ನ ಅದರಲ್ಲೇ ವಿದ್ಯಾರ್ಥಿಗಳ ಪರೀಕ್ಷೆ, ಇನ್ನೂ ಎಷ್ಟು ದಿನ ಆ ಮುದಿ ಡಬ್ಬಾನ ಸಾಕ್ತೀಯಮ್ಮ, ಎಂದು ವಿಭಾಗದ ಮುಖ್ಯಸ್ಥರು ನಕ್ಕಿದ್ದರು, ಡಬ್ಬ ಅಲ್ಲ ಸಾರ್, ಅದೂ ಯುನಿಕ್ಸೇ, ಎಂದಿದ್ದಳು ಇವಳು — ಮೂರು ಕಂಪನಿಯ ಯಂತ್ರಗಳು, ಯುನಿಕ್ಸ್ ಎಂಬ ಮನೆತನ ಒಂದೇ, ಆದರೆ ಒಂದರ ಪ್ರೋಗ್ರಾಂ ಇನ್ನೊಂದಕ್ಕೆ ಒಗ್ಗದು, ಅದಕ್ಕೇ ಸರ್ವರಿನಲ್ಲಿ ಎಲ್ಲರಿಗೂ ಸೇರಿದ ಒಂದೇ ಫೋಲ್ಡರಿನೊಳಗೆ ಯಂತ್ರಕ್ಕೊಂದರಂತೆ ಮೂರು ಕೋಣೆ, ಯಾವ ಯಂತ್ರದಿಂದ ಹೆಸರು ಕೂಗಿದರೂ ಅದರದರ ಕೋಣೆಯಿಂದಲೇ ಓಗೊಡುವ ಏರ್ಪಾಡು, ಇವಳೇ ಕೈಯಾರೆ ಮಾಡಿದ್ದು, ಈಗ ಆ ಹಳೆಯ ಯಂತ್ರದ ಮೂರನೆಯ ಕೋಣೆ ಖಾಲಿಯಾಗಬೇಕು, ನಕಲು ತೆಗೆದಿಡುವ ಟೇಪ್ ಡ್ರೈವ್ ಕೆಟ್ಟು ಕೂತಿದೆ, ಅಳಿಸಿದ್ದು ಮರಳಿ ಬಾರದು, ಅಲ್ಲಿರುವ ನದಿ ಹರಿವಿನ ಪ್ರೋಗ್ರಾಮಿನ ಮೂಲ ಕೋಡೂ ಎಲ್ಲೂ ಇಲ್ಲ, ಬರೆದವರೂ ಇಲ್ಲ — ಆದರೆ ಬಳಸುವವರಾದರೂ ಯಾರು, ಆ ಯಂತ್ರಕ್ಕೆ ಈ ವರ್ಷವಿಡೀ ಒಬ್ಬರೂ ಲಾಗಿನ್ ಆಗಿಲ್ಲ, ದಾಖಲೆ ಸುಳ್ಳು ಹೇಳುವುದಿಲ್ಲ, ಒಳಗೆ ಬಂದವರನ್ನೆಲ್ಲ ಬರೆದುಕೊಳ್ಳುತ್ತದೆ, ಬಂದವರನ್ನು — ನಿನ್ನೆ ಸಂಜೆ ಬಾಗಿಲು ಸದ್ದಾದಾಗಲೆಲ್ಲ ಅಡುಗೆಮನೆಯಿಂದ ಬಂದ್ರಾ ಎಂದು ಕೇಳಿ ಕಾಫಿ ಕೊಟ್ಟಳು, ಗಂಡನಿಗೆ, ಮಗಳಿಗೆ, ಮೈದುನನಿಗೆ, ಆಮೇಲೆ ಒಳಕೋಣೆಯಿಂದ ಅತ್ತೆ, ನಂಗಿಲ್ವೇನೇ ತಾಯಿ, ಕಾಫಿ ಬೇಕಂದ್ರೆ ನಾನೂ ಒಂದ್ಸಲ ಆಚೆ ಹೋಗಿ ಬರ್ಬೇಕಾ, ಎಲ್ಲರೂ ನಕ್ಕರು, ಇವಳೂ ನಾಲಿಗೆ ಕಚ್ಚಿಕೊಂಡು ನಕ್ಕಳು — ಅದು ಈಗ್ಯಾಕೆ ನೆನಪು, ಆಚೆ ಹೋಗದವರು ಒಳಗೆ ಬರುವುದೂ ಇಲ್ಲ, ಲೆಕ್ಕಕ್ಕೆ ಸಿಗುವುದೂ ಇಲ್ಲ — ನದಿ ಮೇಡಂ, ಪ್ರವಾಹದ ಅಂದಾಜು ಕಟ್ಟುವ ಹಿರಿಯರು, ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಒಮ್ಮೆ ಹೇಳಿದ್ದರು, ಆ ಪಾಸ್‌ವರ್ಡ್ ಗೀಸ್‌ವರ್ಡ್ ನಂಗೆ ನೆನಪಿರಲ್ಲಮ್ಮ, ತೆಗೆದ ಬಾಗಿಲು ನಾನು ಹಾಕೋದೇ ಇಲ್ಲ — ಲಾಗೌಟ್ ಆಗದವರು ಮತ್ತೆ ಲಾಗಿನ್ ಆಗುವುದಾದರೂ ಹೇಗೆ, ಅವರಿಗೆ ಬೆನ್ನುನೋವು, ಏನಾದರೂ ಮೆತ್ತಗೆ ಹಾಕಿಕೊಳ್ಳದೆ ಕೂರಲಾರರು — ಬೆರಳು ಎತ್ತುತ್ತಾಳೆ, ಕೀಲಿ ಒತ್ತಿಹೋಗದಂತೆ ಮೆಲ್ಲಗೆ, ಪರೀಕ್ಷೆ, ಕಂಪೈಲರು, ಮುಖ್ಯಸ್ಥರಿಗೆ ಏನು ಹೇಳುವುದು, ಏನು — ದಿಂಬು, ನೀಲಿ, ಈಗಷ್ಟೇ ಯಾರೋ ಎದ್ದುಹೋದಂತೆ ಇನ್ನೂ ಉಬ್ಬಿಕೊಳ್ಳದ ಆ ಗುಳಿ