ಸಿಗದೇ ಹೋದ ಹನ್ನೊಂದು ಮಂದಿ

ನಮ್ಮ ಸಂಶೋಧನೆ ಜಗತ್ತಿನ ಹತ್ತು ಪ್ರಭಾವಿ ವೈದ್ಯಕೀಯ ಸಂಶೋಧನೆಗಳ ಪಟ್ಟಿಗೆ ಸೇರಿದ ದಿನ ಮೂರನೇ ಮಹಡಿಯಲ್ಲಿ ಕೇಕ್ ಕತ್ತರಿಸಿದರು. ಕೇಕಿನ ಮೇಲೆ ಎರಡು ಶ್ವಾಸಕೋಶಗಳ ಚಿತ್ರ ಬಿಡಿಸಿದ್ದರು. ಎಡಗಡೆಯದು ಇಡಿಯಾಗಿ ದೊಡ್ಡ ಡಾಕ್ಟರ ತಟ್ಟೆಗೆ ಹೋಯಿತು. ಬಲಗಡೆಯದನ್ನು ಉಳಿದ ಹದಿನಾಲ್ಕು ಮಂದಿ ಹಂಚಿಕೊಂಡೆವು. ಸಂಶೋಧನೆಯ ಕೀರ್ತಿಯನ್ನೂ ಹೆಚ್ಚುಕಡಿಮೆ ಹೀಗೇ ಹಂಚಿದ್ದರಿಂದ ಯಾರಿಗೂ ಹೊಸದು ಅನ್ನಿಸಲಿಲ್ಲ.

ನಾನು ಈ ಸಂಸ್ಥೆಯಲ್ಲಿ ಮನೆ ಭೇಟಿಯ ನರ್ಸು. ಇಪ್ಪತ್ತೆರಡು ವರ್ಷದಿಂದ ಜನರ ಬಾಗಿಲು ತಟ್ಟುವುದೇ ನನ್ನ ಕಸುಬು. ಪ್ರಬಂಧದ ಕಟ್ಟಕಡೆಯಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, 'ಕ್ಷೇತ್ರ ಸಿಬ್ಬಂದಿಗೆ ಕೃತಜ್ಞತೆ' ಅಂತ ಒಂದು ಸಾಲಿದೆ. ಆ ಸಿಬ್ಬಂದಿ ನಾನೊಬ್ಬಳೇ.

ಸಂಶೋಧನೆ ಏನು ಅಂದರೆ, ಕ್ಷಯ ಬಂದವರು ಆರು ತಿಂಗಳು ಮಾತ್ರೆ ನುಂಗಬೇಕಷ್ಟೆ. ನಮ್ಮ ದೊಡ್ಡ ಡಾಕ್ಟರು ಹೊಸದೊಂದು ಮಾತ್ರೆ ಸೇರಿಸಿ, ನಾಲ್ಕೇ ತಿಂಗಳು ಸಾಕು, ಸಕ್ಕರೆ ಕಾಯಿಲೆ ಇದ್ದವರಿಗೂ ಸಾಕು ಅಂತ ತೋರಿಸಿಕೊಟ್ಟರು. ಎರಡು ತಿಂಗಳ ಮಾತ್ರೆ ಉಳಿಯುತ್ತದೆ ಅಂದರೆ ಯಾವ ಸರ್ಕಾರಕ್ಕೆ ಬೇಡ? ಒಂದು ಸಣ್ಣ ತಿದ್ದುಪಡಿಗೂ ಹತ್ತು ವರ್ಷ ಎಳೆಯುವ ದೇಶಗಳೂ ಈ ನಿಯಮವನ್ನು ಹತ್ತು ತಿಂಗಳಲ್ಲಿ ಬದಲಿಸಿದವು. ದೊಡ್ಡ ಡಾಕ್ಟರು ಅಲ್ಲಿಂದಾಚೆಗೆ ಮನೆಗಿಂತ ವಿಮಾನದಲ್ಲೇ ಹೆಚ್ಚು ಊಟ ಮಾಡಿದರು.

ನನ್ನ ತಮ್ಮ ಗಾಜು ಕತ್ತರಿಸುವವನು. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ಈ ವರ್ಷ ಕ್ಷಯವೂ ಬಂತು. ನಾವು ಕೇಕ್ ಕತ್ತರಿಸುವ ಹೊತ್ತಿಗೆ ಅವನು ಮೂರೂವರೆ ತಿಂಗಳ ಮಾತ್ರೆ ಮುಗಿಸಿದ್ದ. ಇನ್ನು ಹದಿನಾಲ್ಕು ದಿನಕ್ಕೆ ನಿಲ್ಲಿಸುತ್ತೇವೆ, ಹೊಸ ನಿಯಮ ಬಂದಿದೆ ಅಂತ ಅವನ ಬಡಾವಣೆಯ ಚಿಕಿತ್ಸಾಲಯದಲ್ಲಿ ಹೇಳಿದ್ದರು.

"ನಿಮ್ಮ ಆಫೀಸಿನ ದಯೆ ಕಣಕ್ಕ. ಎರಡು ತಿಂಗಳು ಮಾಫಿ ಸಿಕ್ತು" ಅಂತ ನಕ್ಕಿದ್ದ. ನಗುವಾಗ ಕೆಮ್ಮು ಬಂತು. ಇನ್ನೂ ಕೆಮ್ಮುತ್ತೀಯಲ್ಲೋ ಅಂದರೆ, "ಗಾಜಿನ ಮೇಲೆ ಗೆರೆ ಎಳೆಯೋವಾಗ ಬರದಿದ್ರೆ ಸಾಕು" ಅಂದಿದ್ದ. ನಾನೂ ನಕ್ಕಿದ್ದೆ. ನಮ್ಮದೇ ಸಂಶೋಧನೆಯ ಮೇಲೆ ನನಗೆ ಅಷ್ಟು ನಂಬಿಕೆ.

ಮಿಕ್ಕಿದ್ದ ಕೇಕನ್ನು ಒಂದು ಡಬ್ಬಿಗೆ ಹಾಕಿಕೊಂಡು ನಾನು ನೆಲಮಹಡಿಗೆ ಇಳಿದೆ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಎದೆರೋಗದ ವಾರ್ಡ್ ಇದೆ. ಅಲ್ಲಿನ ಹಿರಿಯ ನರ್ಸು ನನ್ನ ಜೊತೆ ತರಬೇತಿ ಮುಗಿಸಿದವಳು. ಡಬ್ಬಿ ಕೊಟ್ಟು ತಿರುಗಿದರೆ ಕಿಟಕಿ ಪಕ್ಕದ ಹಾಸಿಗೆಯಿಂದ ಒಬ್ಬ ಕೈ ಎತ್ತಿದ. ಟೈಲರ್. ನಮ್ಮ ಸಂಶೋಧನೆಯಲ್ಲಿ ನಾಲ್ಕು ತಿಂಗಳ ಮಾತ್ರೆ ತೆಗೆದುಕೊಂಡವನು. ಅವನ ಮನೆ ಬಾಗಿಲು ಮೂರು ಸಲ ತಟ್ಟಿ, 'ಮನೆಯಲ್ಲಿಲ್ಲ' ಅಂತ ಬರೆದು ಬಂದವಳು ನಾನೇ.

"ಸಿಸ್ಟರ್, ಈಗ ಬಂದ್ರಾ? ನೀವು ಬರ್ತೀರಾಂತ ಹೋದ ವರ್ಷದಿಂದ ಕಾಯ್ತಿದೀನಿ" ಅಂದ. ಅಷ್ಟು ಹೇಳುವುದಕ್ಕೇ ಮೂರು ಸಲ ಉಸಿರು ಎಳೆದುಕೊಂಡ.

"ಇಲ್ಲೇನು ಮಾಡ್ತಿದೀರಿ?"

"ಕಾಯಿಲೆ ಮತ್ತೆ ಬಂತು. ಇದು ಮೂರನೇ ಸಲ ಅಡ್ಮಿಟ್ ಆಗ್ತಿರೋದು."

"ನಿಮ್ಮ ಮನೆಗೆ ಬಂದಿದ್ದೆ. ಬೀಗ ಹಾಕಿತ್ತು."

"ನಾನು ಇಲ್ಲಿ ಮಲಗಿದ್ರೆ ಬೀಗ ಇರದೆ ಇನ್ನೇನು? ಹಗಲೆಲ್ಲ ನಮ್ಮನೆಯವಳೂ ಇಲ್ಲೇ ಇರ್ತಾಳೆ. ನೀವು ಮೇಲಿನ ಮಹಡಿಯಿಂದ ಇಳಿದು ಬಂದಿದ್ರೆ ಆಗ್ತಿತ್ತು."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆಯನ್ನು ನಾನು ಬೇರೆಯವರ ಮೇಲೆ ಎಷ್ಟು ಸಲ ಎಸೆದಿದ್ದೇನೋ. ಈಗ ಅದು ನೇರ ನನ್ನ ಹಣೆಗೇ ಬಂದು ಬಡಿಯಿತು.

ನಮ್ಮ ನಿಯಮ ಹೀಗಿತ್ತು. ಮಾತ್ರೆ ಮುಗಿದು ಒಂದು ವರ್ಷಕ್ಕೆ ಪ್ರತಿಯೊಬ್ಬರ ಮನೆಗೆ ಹೋಗಬೇಕು, ಕೆಲಸದ ದಿನ, ಹತ್ತರಿಂದ ಐದರೊಳಗೆ. ಬಾಗಿಲು ತೆರೆಯದಿದ್ದರೆ ಇನ್ನೆರಡು ಸಲ. ಪಕ್ಕದ ಮನೆಯವರನ್ನು ಕೇಳುವ ಹಾಗಿಲ್ಲ, ರೋಗಿಯ ಗುಟ್ಟು ರಟ್ಟಾಗುತ್ತದೆ. ವಾರ್ಡಿನ ದಾಖಲೆ ನೋಡುವ ಹಾಗಿಲ್ಲ, ಅದು ಬೇರೆ ವಿಭಾಗದ್ದು. ಮೂರು ಸಲವೂ ಬೀಗ ಕಂಡರೆ 'ಮನೆಯಲ್ಲಿಲ್ಲ' ಅಂತ ಬರೆದು ಬರಬೇಕು. ಹಾಗೆ ಸಿಗದವರು ಹತ್ತೊಂಬತ್ತು ಮಂದಿ. ಅವರನ್ನು ಯಾವ ಗುಂಪಿಗೆ ಸೇರಿಸುವುದು ಅನ್ನುವ ಪ್ರಶ್ನೆ ಬಂದಾಗ ದೊಡ್ಡ ಡಾಕ್ಟರು ಮೀಟಿಂಗಿನಲ್ಲಿ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ: "ಬೀಗ ಹಾಕಿದೆ ಅಂದ್ರೆ ಕೆಲಸಕ್ಕೆ ಹೋಗಿದಾರೆ. ಕೆಲಸಕ್ಕೆ ಹೋಗ್ತಿದಾರೆ ಅಂದ್ರೆ ಗುಣ ಆಗಿದಾರೆ." ಹತ್ತೊಂಬತ್ತು ಬೀಗಗಳೂ ಗುಣವಾದವು. ಪ್ರಬಂಧವನ್ನು ಪರಿಶೀಲಿಸಿದ ಮೂವರು ಪಂಡಿತರು ಇದರ ಬಗ್ಗೆ ಚಕಾರ ಎತ್ತಲಿಲ್ಲ. ಒಂದು ನಕ್ಷೆಯ ಬಣ್ಣ ಕಣ್ಣಿಗೆ ಚುಚ್ಚುತ್ತದೆ, ತಿಳಿನೀಲಿ ಮಾಡಿ ಅಂತ ಮಾತ್ರ ಬರೆದಿದ್ದರು.

ಮರುದಿನದಿಂದ ಊಟದ ಬಿಡುವಿನಲ್ಲಿ ನಾನು ನೆಲಮಹಡಿಗೆ ಹೋಗಿ ಕೂತೆ. ಗೆಳತಿ ದಾಖಲಾತಿ ಪುಸ್ತಕ ತೆರೆದಿಟ್ಟು, "ನಾನು ಬೆನ್ನು ತಿರುಗಿಸಿ ಹಾಲು ಕಾಯಿಸ್ತೀನಿ, ನೀನು ಏನು ನೋಡ್ತೀಯೋ ನಂಗೊತ್ತಿಲ್ಲ" ಅಂದಳು. ನಾಲ್ಕು ದಿನ ಅವಳು ಕಾಯಿಸಿದ ಹಾಲು ಎರಡು ಸಲ ಉಕ್ಕಿತು. ಹತ್ತೊಂಬತ್ತರಲ್ಲಿ ಹನ್ನೊಂದು ಹೆಸರು ಆ ಪುಸ್ತಕದಲ್ಲಿ ಸಿಕ್ಕವು. ಹನ್ನೊಂದೂ ಮಂದಿಗೆ ಕಾಯಿಲೆ ಮರುಕಳಿಸಿತ್ತು. ಹನ್ನೊಂದೂ ಮಂದಿಗೆ ಸಕ್ಕರೆ ಇತ್ತು. ಅವರಲ್ಲಿ ಮೂವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿತ್ತು. ವಾರ್ಡಿನಲ್ಲಿ ಆ ಗೆರೆಗೆ ಒಂದೇ ಅರ್ಥ. ಪುಸ್ತಕ ಮುಚ್ಚಿ ದಿನ ಎಣಿಸಿದೆ. ತಮ್ಮನಿಗೆ ಇನ್ನು ಹತ್ತು ದಿನದ ಮಾತ್ರೆ ಉಳಿದಿತ್ತು.

ಪಟ್ಟಿ ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಅವರು ಕೋಪಿಷ್ಠರಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ. ಪಟ್ಟಿಯನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು.

"ಸಿಸ್ಟರ್, ನಿಮ್ಮ ಶ್ರದ್ಧೆ ಮೆಚ್ಚಬೇಕಾದ್ದು. ಆದ್ರೆ ನಾವು ಮಾಡ್ತೀವಿ ಅಂತ ಬರೆದುಕೊಟ್ಟಿದ್ದು ಮನೆ ಭೇಟಿ. ಇವರು ಮನೇಲಿ ಇರಲಿಲ್ಲ. ಅಲ್ಲಿಗೆ ನಮ್ಮ ಕೆಲಸ ಮುಗೀತು."

"ಇದೇ ಕಟ್ಟಡದಲ್ಲಿ ಇದ್ರು ಸರ್. ನಿಮ್ಮ ಕುರ್ಚಿ ಕೆಳಗೆ ನೆಟ್ಟಗೆ ಮೂರು ಮಹಡಿ ಇಳಿದ್ರೆ ಟೈಲರ್ ಹಾಸಿಗೆ."

"ಅದು ಬೇರೆ ವಿಭಾಗ."

"ಶ್ವಾಸಕೋಶ ಅದೇ ಅಲ್ವಾ ಸರ್?"

ಅವರು ನಕ್ಕರು. ಆಮೇಲೆ ಅರ್ಧ ಗಂಟೆ ನನಗೆ ವಿಜ್ಞಾನ ಹೇಳಿಕೊಟ್ಟರು. ಒಂದು ಸಂಶೋಧನೆಯನ್ನು ಆರುನೂರು ಪ್ರಬಂಧಗಳು ಉಲ್ಲೇಖಿಸಿದ ಮೇಲೆ ಅದು ಬರೆದವನ ಸ್ವತ್ತಲ್ಲವಂತೆ, ಮನುಕುಲದ್ದಂತೆ. ಮನುಕುಲದ ಆಸ್ತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ಅವರಿಗೆಲ್ಲಿದೆ? ಹನ್ನೊಂದು ಸಣ್ಣ ಸಂಖ್ಯೆಯಂತೆ. ಮುಂದಿನ ಸಂಶೋಧನೆಯಲ್ಲಿ ಇದನ್ನೆಲ್ಲ ಗಮನಿಸೋಣವಂತೆ. ನನಗೆ ತಾಳ್ಮೆ ಮುಗಿಯಿತು.

"ನನ್ನ ಸ್ವಂತ ತಮ್ಮನಿಗೆ ಇನ್ನು ಹತ್ತು ದಿನಕ್ಕೆ ಮಾತ್ರೆ ನಿಲ್ಲಿಸ್ತಾರೆ ಸರ್. ನಿಮ್ಮ ನಿಯಮದ ಪ್ರಕಾರ."

"ಸಕ್ಕರೆ ಇದೆಯಾ?"

"ಇದೆ."

ಅವರು ಔಷಧಿ ಚೀಟಿಯ ಪುಸ್ತಕ ಎಳೆದುಕೊಂಡು ಬರೆಯತೊಡಗಿದರು. ಒಂದು ಕ್ಷಣವೂ ಯೋಚಿಸಲಿಲ್ಲ. 'ಸಕ್ಕರೆ ಕಾಯಿಲೆ ಇರುವುದರಿಂದ ಆರು ತಿಂಗಳು ಪೂರ್ತಿ ಕೊಡುವುದು.' ಕೆಳಗೆ ಸಹಿ, ಮೊಹರು.

"ನಿಲ್ಲಿಸೋದು ಬೇಡ, ಮಕ್ಕಳಾಟ ಅಲ್ಲ ಇದು. ಔಷಧಿ ವಿಭಾಗದವರು ಹೊಸ ನಿಯಮ ಅಂತ ತಕರಾರು ತೆಗೀತಾರೆ. ತಿಂಗಳಿಗೊಂದು ಸಹಿ ಬೇಕಾಗುತ್ತೆ. ನೀವೇ ಬಂದು ಹಾಕಿಸ್ಕೊಂಡು ಹೋಗಿ" ಅಂದರು. ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಆ ಕಾಳಜಿ ಕಂಡೇ ನನಗೆ ಮೈ ಉರಿಯಿತು. ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಜಗತ್ತಿಗೆ ನಾಲ್ಕು ತಿಂಗಳು, ಬಾಗಿಲೊಳಗೆ ಬಂದು ನಿಂತವರ ತಮ್ಮನಿಗೆ ಆರು.

ಇಷ್ಟಾದರೂ ನಾನು "ಥ್ಯಾಂಕ್ಸ್ ಸರ್" ಅಂದೆ. ಚೀಟಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡೆ.

ಅವತ್ತೇ ಸಂಜೆ ಆ ವೈದ್ಯಕೀಯ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದೆ. ಹನ್ನೊಂದು ಮಂದಿಯ ಹೆಸರು ಬಿಟ್ಟು ತಾರೀಖುಗಳನ್ನು ಸಾಲಾಗಿ ಇಟ್ಟೆ: ಇಂಥ ದಿನ ಬಾಗಿಲು ತಟ್ಟಿದೆ, ಅದೇ ದಿನ ರೋಗಿ ವಾರ್ಡಿನಲ್ಲಿದ್ದ. ಒಬ್ಬ ನರ್ಸಿನ ಮಾತು ಯಾರು ಕೇಳುತ್ತಾರೆ? ಅದಕ್ಕೆ ದೊಡ್ಡ ಡಾಕ್ಟರ ಕೈಬರಹದ ಚೀಟಿಯ ನಕಲನ್ನೂ ಲಗತ್ತಿಸಿದೆ. ಅದು ತಮ್ಮನ ಚೀಟಿಯಾದ್ದರಿಂದ ಅವನ ಒಪ್ಪಿಗೆ ಬೇಕಿತ್ತು. ಭಾನುವಾರ ಅವನ ಅಂಗಡಿಗೆ ಹೋದೆ.

ಅವನು ಮೇಜಿನ ಮೇಲಿದ್ದ ಗಾಜಿನ ಚೂರುಗಳನ್ನು ಬ್ರಷ್‌ನಿಂದ ಬದಿಗೆ ಸರಿಸಿ, ಪತ್ರ ಹರಡಿಕೊಂಡು ಪೂರ್ತಿ ಓದಿದ.

"ಇದು ಹೋದ್ರೆ ಅವರು ನನ್ನ ಚೀಟಿಗೆ ಸಹಿ ಹಾಕ್ತಾರಾ?"

"ಇಲ್ಲ."

"ಬೇರೆ ಯಾರಾದ್ರೂ?"

"ನಿಯಮ ಮೀರಿ ಬರೆಯೋ ಧೈರ್ಯ ಬೇರೆ ಯಾರಿಗೂ ಇಲ್ಲ ಕಣೋ. ನಿಯಮ ಮಾಡಿದವರಿಗೆ ಮಾತ್ರ ಇರೋದು."

ಅವನು ಪತ್ರವನ್ನು ಮಡಚಿ ನನ್ನ ಕಡೆ ತಳ್ಳಿದ. "ಎರಡು ತಿಂಗಳು ತಡಿ ಅಕ್ಕ. ನನ್ನ ಮಾತ್ರೆ ಮುಗೀಲಿ. ಆಮೇಲೆ ಬೇಕಾದ್ರೆ ಕಟೌಟ್ ಹಾಕಿಸು, ನಾನು ಬೇಡ ಅನ್ನಲ್ಲ."

"ಅಷ್ಟರಲ್ಲಿ ಬೇರೆಯವರ ಮಾತ್ರೆ ನಿಲ್ಲಿಸ್ತಾರಲ್ಲೋ."

"ಬೇರೆಯವರಿಗೂ ಅಕ್ಕಂದಿರು ಇರ್ತಾರಲ್ಲ" ಅಂದ. ಅಂದವನು ತಲೆ ತಗ್ಗಿಸಿದ. "ನಂಗೆ ಹೆದರಿಕೆ ಆಗುತ್ತೆ ಅಕ್ಕ."

ಬೈಯಬೇಕು ಅಂದುಕೊಂಡೆ. ಪತ್ರವನ್ನು ಚೀಲಕ್ಕೆ ಹಾಕಿಕೊಂಡೆ. ನಿಜ ಹೇಳಬೇಕೆಂದರೆ, ಅವನು ತಡಿ ಅಂದಾಗ ನನ್ನ ಎದೆಯ ಭಾರ ಇಳಿದಿತ್ತು. ಅವನು ಕಳಿಸು ಅಂದಿದ್ದರೂ ನಾನೇ ಏನಾದರೊಂದು ನೆವ ತೆಗೆಯುತ್ತಿದ್ದೆ.

ಪತ್ರ ನನ್ನ ಸೀರೆಗಳ ಅಡಿಯಲ್ಲಿ ಎರಡು ತಿಂಗಳು ಮಲಗಿತು. ಸಹಿಗೆ ಹೋದಾಗಲೆಲ್ಲ ದೊಡ್ಡ ಡಾಕ್ಟರು, "ತಮ್ಮ ಹೇಗಿದಾರೆ?" ಅಂತ ವಿಚಾರಿಸಿದರು. "ಪರವಾಗಿಲ್ಲ ಸರ್, ತೂಕ ಏರಿದೆ" ಅಂದೆ. ಇಬ್ಬರೂ ಬಹಳ ಮರ್ಯಾದಸ್ಥರ ಹಾಗೆ ನಡೆದುಕೊಂಡೆವು. ಆ ಎರಡು ತಿಂಗಳಲ್ಲಿ, ನಾಲ್ಕು ತಿಂಗಳಿಗೆ ಮಾತ್ರೆ ನಿಲ್ಲಿಸಿದ ಒಂಬತ್ತು ಮಂದಿ ನೆಲಮಹಡಿಗೆ ಬಂದು ಸೇರಿದರು. ನಮ್ಮದೊಂದೇ ಕಟ್ಟಡಕ್ಕೆ ಒಂಬತ್ತು. ನಿಯಮ ಬದಲಿಸಿದ ದೇಶಗಳಲ್ಲಿ ಇಂಥ ಕಟ್ಟಡಗಳು ಎಷ್ಟಿವೆಯೋ ನನಗೆ ಗೊತ್ತಿಲ್ಲ. ಟೈಲರ್ ಆ ನಡುವೆ ತೀರಿಕೊಂಡ.

ಕೊನೆಯ ಮಾತ್ರೆ ನುಂಗಿ, ಕಫದ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದ ಮಂಗಳವಾರ ತಮ್ಮ ಒಪ್ಪಿಗೆಗೆ ಸಹಿ ಹಾಕಿಕೊಟ್ಟ. ಬುಧವಾರ ಪತ್ರ ಕಳಿಸಿದೆ.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತಿರುವುದೇ. ಪತ್ರಿಕೆ ತಿದ್ದುಪಡಿ ಹಾಕಿತು, ದೇಶಗಳು ಒಂದೊಂದಾಗಿ ಆರು ತಿಂಗಳಿಗೆ ಮರಳಿದವು. ದೊಡ್ಡ ಡಾಕ್ಟರು ಕೈಕಟ್ಟಿ ಕೂರುವ ಪೈಕಿಯಲ್ಲ. 'ಮನೆ ಭೇಟಿ ಅಧ್ಯಯನಗಳಲ್ಲಿ ಆಗುವ ತಪ್ಪುಗಳು' ಅಂತ ಹೊಸ ಪ್ರಬಂಧ ಬರೆದರು. ಅದು ಹಳೆಯದಕ್ಕಿಂತ ಹೆಚ್ಚು ಹೆಸರು ಮಾಡಿತು. ನನಗೂ ಒಂದು ಶಾಲು, ಒಂದು ಫಲಕ ಬಂತು. ಫಲಕದ ಮೇಲೆ 'ಸತ್ಯಕ್ಕಾಗಿ ಒಂದು ಕ್ಷಣವೂ ಹಿಂಜರಿಯದವರಿಗೆ' ಅಂತ ಕೆತ್ತಿಸಿದ್ದಾರೆ.

ಫಲಕ ಕೊಟ್ಟ ದಿನವೇ ಒಬ್ಬಳು ವರದಿಗಾರ್ತಿ ಬಂದಿದ್ದಳು, ಚುರುಕಾದ ಹೆಣ್ಣುಮಗಳು. ಎಲ್ಲ ಕೇಳಿ ಬರೆದುಕೊಂಡು, ಏಳುವ ಮುಂಚೆ, "ಮೇಡಂ, ಈ ಹನ್ನೊಂದು ಜನ ಕೆಳಗಡೆ ಇದ್ದಾರೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?" ಅಂದಳು.

ಮೊದಲು ಬರೆದ ಪತ್ರವನ್ನು ನಾನು ಆ ಬುಧವಾರ ಹರಿದು ಒಲೆಗೆ ಹಾಕಿದ್ದೆ. ಕಳಿಸಿದ್ದು ಅದೇ ಮಾತುಗಳನ್ನು ಹೊಸ ಹಾಳೆಗೆ ಇಳಿಸಿ, ಮೇಲೆ ಆ ಬುಧವಾರದ ತಾರೀಖು ಬರೆದದ್ದನ್ನು.

"ಪತ್ರದ ಮೇಲೆ ತಾರೀಖು ಇದೆಯಲ್ಲಮ್ಮ" ಅಂದೆ. ಅವಳು ಬರೆದುಕೊಂಡಳು.